ಹನ್ನೊಂದು ಕಾಲಂ, ಕೆಲಸದ್ದು ಒಂದೂ ಇಲ್ಲ

ಈ ಪ್ರಕರಣ ಅಪರೂಪದ್ದು ಅಂತ ಬರೀತಾ ಇಲ್ಲ. ನಾನು ಕೌನ್ಸೆಲರ್, ನನ್ನ ಹತ್ತಿರ ಇಂಥವರು ಈಗ ಬಹಳ ಜನ ಬರ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಕೈಯಲ್ಲಿ ಒಂದು ನೋಟ್‌ಬುಕ್ಕು, ಇಲ್ಲವೇ ಮೊಬೈಲಲ್ಲಿ ಒಂದು ಆ್ಯಪ್. ಅದರಲ್ಲಿ ಒಳ್ಳೆಯ ಅಭ್ಯಾಸಗಳ ಪಟ್ಟಿ. ಕೂತ ತಕ್ಷಣ ಬರುವ ಮಾತು: "ನನ್ನ ಕಡೆಯಿಂದ ಆಗವಲ್ದು ಮೇಡಂ." ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗರು, ಗದಗಿನ ಕಡೆಯ ಮೇಷ್ಟ್ರುಗಳು, ಹುಬ್ಬಳ್ಳಿಯಲ್ಲಿ ಸೇಲ್ಸ್ ಕೆಲಸ ಮಾಡುವವರು, ಎಲ್ಲರದ್ದೂ ಹೆಚ್ಚುಕಡಿಮೆ ಇದೇ ಪಟ್ಟಿ. ಇಲ್ಲಿ ಒಬ್ಬರ ವಿಷಯ ಮಾತ್ರ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಅವರಿಗೆ ತೋರಿಸಿ ಒಪ್ಪಿಗೆಯನ್ನೂ ಪಡೆದಿದ್ದೇನೆ.

ವಯಸ್ಸು 43. ಹುಬ್ಬಳ್ಳಿಯ ಒಂದು ಪೈಪು, ಪಂಪ್‌ಸೆಟ್ಟಿನ ಹೋಲ್‌ಸೇಲ್ ಅಂಗಡಿಯಲ್ಲಿ 18 ವರ್ಷದಿಂದ ಲೆಕ್ಕ ನೋಡುತ್ತಾರೆ. ಹಮಾಲರು ಅವರನ್ನು ದಿವಾನಜಿ ಅಂತ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಮನೆ ಧಾರವಾಡದಲ್ಲಿ, ಓಡಾಟ ಚಿಗರಿ ಬಸ್ಸಿನಲ್ಲಿ. ಹೆಂಡತಿ, ಪಿಯುಸಿ ಓದುವ ಮಗ. ಯಾವ ಚಟವೂ ಇಲ್ಲ. ಸಾವಕಾರರು ಎರಡನೇ ಅಂಗಡಿ ತೆಗೆದಾಗ ಅದರ ಲೆಕ್ಕ ಇವರಿಗೆ ಬರಲಿಲ್ಲ, ಎರಡು ವರ್ಷದ ಹಿಂದೆ ಸೇರಿದ ಬಿಕಾಂ ಹುಡುಗಿಗೆ ಹೋಯಿತು. ಅದಾದ ಮೇಲೆ ಇವರು ತಮ್ಮನ್ನು ತಾವು ತಿದ್ದಿಕೊಳ್ಳೋಕೆ ಹೊರಟರು. ಯೂಟ್ಯೂಬ್ ಗುರುಗಳು ಸಿಕ್ಕರು.

ಮೊದಲ ಭೇಟಿಯಲ್ಲಿ ನಾನು ಕೇಳಿದ್ದು ಊಟ, ನಿದ್ದೆ, ಸಾಯೋ ಯೋಚನೆ ಏನಾದರೂ ಬರುತ್ತದೆಯೇ ಅಂತ. ಇದನ್ನು ಕೇಳದೇ ಅಭ್ಯಾಸ, ಮೈಂಡ್‌ಸೆಟ್ ಅಂತ ಮಾತಾಡಬಾರದು. ಕೆಲವರಿಗೆ ಬೆಳಿಗ್ಗೆ ಏಳೋಕೆ ಆಗದೇ ಇರೋದು ಶಿಸ್ತು ಇಲ್ಲ ಅಂತಲ್ಲ, ಖಿನ್ನತೆ ಇದೆ ಅಂತ. ಅಂಥವರನ್ನು ನಾನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸುತ್ತೇನೆ. ಫೋನಿನಲ್ಲೇ ಮಾತಾಡಬೇಕು ಅನ್ನುವವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ದಿವಾನಜಿಗೆ ಖಿನ್ನತೆ ಇರಲಿಲ್ಲ. ನಿದ್ದೆ ಮಾತ್ರ ತೀರಾ ಕಮ್ಮಿ ಇತ್ತು, ಅದರ ವಿಷಯ ಮುಂದೆ ಬರುತ್ತೆ.

ಎರಡನೇ ಭೇಟಿಗೆ ಅವರು ನೋಟ್‌ಬುಕ್ಕು ತಂದರು. 200 ಪೇಜಿನ ಲಾಂಗ್ ಬುಕ್ಕು, ಕಂದು ಕಾಗದದ ರಟ್ಟು ಹಾಕಿದ್ದು. ಒಳಗೆ ಸ್ಕೇಲ್ ಇಟ್ಟು ಎಳೆದ ಹನ್ನೊಂದು ಕಾಲಂ. ಲೆಕ್ಕ ಬರೆಯುವವರ ಕೈ, ಒಂದು ಗೆರೆಯೂ ಸೊಟ್ಟ ಇಲ್ಲ. 5 ಗಂಟೆಗೆ ಏಳುವುದು, ಬಿಸಿನೀರು, ತಣ್ಣೀರು ಸ್ನಾನ, ಧ್ಯಾನ, ವಾಕಿಂಗ್, ಹತ್ತು ಪುಟ ಓದು, ಐದು ಇಂಗ್ಲಿಷ್ ಶಬ್ದ, ಕೃತಜ್ಞತೆ ಮೂರು ಸಾಲು, ಕನ್ನಡಿ ಮುಂದೆ ನಿಂತು "ನಾನು ಮಾಡಬಲ್ಲೆ" ಅನ್ನೋದು ಇಪ್ಪತ್ತು ಸಲ, ಸಕ್ಕರೆ ಬಿಡೋದು, ರಾತ್ರಿ ಮೊಬೈಲ್ ಮುಟ್ಟದೇ ಇರೋದು. ಮಾಡಿದ್ದಕ್ಕೆ ನೀಲಿ ಟಿಕ್ಕು, ಬಿಟ್ಟಿದ್ದಕ್ಕೆ ಕೆಂಪು ಸೊನ್ನೆ. ಪುಟ ತಿರುವುತ್ತಾ ಹೋದರೆ ಒಂದು ವಿಚಿತ್ರ ಕಾಣುತ್ತೆ. ಸೋಮವಾರ, ಮಂಗಳವಾರ ಪೂರ್ತಿ ನೀಲಿ. ಬುಧವಾರ ಎಲ್ಲೋ ಒಂದು ಸೊನ್ನೆ. ಅಲ್ಲಿಂದ ಮುಂದೆ ವಾರವಿಡೀ ಖಾಲಿ. ಮತ್ತೆ ಸೋಮವಾರ ಹೊಸ ಪುಟ, ಹೊಸ ಗೆರೆ.

ಕೇಳಿದರೆ, ನಡುವೆ ಒಂದು ದಿನ ತಪ್ಪಿದರೆ ಮೊದಲಿನಿಂದ ಶುರು ಮಾಡಬೇಕಂತೆ, 21 ದಿನ ಸತತ ಮಾಡಿದರೇ ಅಭ್ಯಾಸ ಆಗೋದಂತೆ. ಈ 21 ದಿನದ ಮಾತು ಎಷ್ಟು ಜನರ ತಲೆ ತಿಂದಿದೆಯೋ! ಅದು ಹುಟ್ಟಿದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದರಿಂದ. ಆಪರೇಷನ್ ಆದವರಿಗೆ ಹೊಸ ಮುಖ ರೂಢಿಯಾಗೋಕೆ ಕಮ್ಮಿ ಅಂದರೂ 21 ದಿನ ಬೇಕಾಗುತ್ತೆ ಅಂತ ಅವರು ಗಮನಿಸಿದ್ದರು, ಅಷ್ಟೇ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಅಭ್ಯಾಸ ತಾನಾಗಿ ನಡೆಯೋಕೆ ಸರಾಸರಿ 66 ದಿನ ಬೇಕಾಯಿತು. ಅದೂ ಒಬ್ಬೊಬ್ಬರಿಗೆ ಒಂದೊಂದು ತರಹ, 18 ದಿನದಿಂದ ಹಿಡಿದು 254 ದಿನದವರೆಗೆ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಆಗಲಿಲ್ಲ ಅಂತಲೂ ಅದರಲ್ಲಿದೆ. ಇದನ್ನು ಹೇಳಿದಾಗ ದಿವಾನಜಿ ಮುಖ ಸ್ವಲ್ಪ ಸಡಿಲಾಯಿತು. ಆದರೆ ನನಗೆ ಕುತೂಹಲ ಇದ್ದದ್ದು ಬೇರೆ.

"ಇದ್ರಾಗ ನಿಮ್ಮ ಅಂಗಡಿ ಕೆಲಸದ ಕಾಲಂ ಯಾವುದ್ರಿ?" ಅಂದೆ.

ಪುಸ್ತಕ ತಿರುಗಿಸಿ ತಮ್ಮ ಕಡೆ ಇಟ್ಟುಕೊಂಡು, ಗೊತ್ತಿದ್ದರೂ ಹುಡುಕಿದರು. "ಇಲ್ಲ್ರಿ," ಅಂದರು.

"ಹೊಸಾ ಅಂಗಡಿ ಲೆಕ್ಕ ನಿಮಗ ಯಾಕ ಬರಲಿಲ್ಲ ಅಂತ ಅನಸ್ತದ?"

ಆಗ ಬಂತು ನೋಡಿ ನಿಜವಾದ ವಿಷಯ. ಜಿಎಸ್‌ಟಿಯಲ್ಲಿ 2ಬಿ ಅಂತ ಒಂದು ಪಟ್ಟಿ ಇದೆ. ನಮಗೆ ಮಾಲು ಕೊಟ್ಟವರು ಸರ್ಕಾರಕ್ಕೆ ತೋರಿಸಿದ ಬಿಲ್ಲುಗಳೆಲ್ಲ ಅದರಲ್ಲಿ ಇರುತ್ತವೆ, ಪ್ರತಿ ತಿಂಗಳು 14ಕ್ಕೆ ಪೋರ್ಟಲ್‌ನಲ್ಲಿ ಬರುತ್ತೆ. ಅದನ್ನು ಅಂಗಡಿಯ ಖರೀದಿ ಲೆಕ್ಕದ ಜೊತೆ ತಾಳೆ ನೋಡಿ 20ರೊಳಗೆ ರಿಟರ್ನ್ ತುಂಬಬೇಕು. ಬಿಲ್ಲು ಅದರಲ್ಲಿ ಇಲ್ಲದಿದ್ದರೆ ಕಟ್ಟಿದ ತೆರಿಗೆಯ ಕ್ರೆಡಿಟ್ ಸಿಗೋದಿಲ್ಲ. ದಿವಾನಜಿ ಜಿಎಸ್‌ಟಿಗೆ ಮೊದಲಿದ್ದ ವ್ಯಾಟ್ ಕಾಲದಲ್ಲಿ ಕೆಲಸ ಕಲಿತವರು. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಗೊತ್ತು, ಎಕ್ಸೆಲ್ ಅಷ್ಟಕ್ಕಷ್ಟೇ. ಹಾಗಾಗಿ ಅವರು ಎರಡೂ ಪಟ್ಟಿಗಳ ಪ್ರಿಂಟ್ ತೆಗೆದು, ಪಕ್ಕ ಪಕ್ಕ ಇಟ್ಟು, ಸ್ಕೇಲ್ ಸರಿಸುತ್ತಾ ಒಂದೊಂದೇ ಸಾಲಿಗೆ ಟಿಕ್ ಹಾಕುತ್ತಾರೆ. ಪ್ರತಿ ತಿಂಗಳು ಆ ಐದಾರು ದಿನ ಅಂಗಡಿ ಮುಚ್ಚಿದ ಮೇಲೂ ಕೂತು, ರಾತ್ರಿ ಹತ್ತರ ಹೊತ್ತಿಗೆ ಮನೆ. ಹುಡುಗಿ ಅದನ್ನೇ ಎಕ್ಸೆಲ್‌ನಲ್ಲಿ ವಿಲುಕಪ್ (ಎರಡು ಪಟ್ಟಿಗಳನ್ನು ತಾನೇ ತಾಳೆ ನೋಡುವ ಸೂತ್ರ) ಹಾಕಿ ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿಸುತ್ತಾಳೆ.

"ಆಕಿ ಬಾಜೂ ಟೇಬಲ್‌ನ್ಯಾಗ ಇರ್ತಾಳಲ್ರಿ. ಕೇಳಬಹುದಲ್ಲಾ?"

"ಹೆಂಗ್ ಕೇಳೂದ್ರಿ ಮೇಡಂ? ಹದಿನೆಂಟು ವರ್ಷ ಏನ್ ಮಾಡ್ದಿ ಅಂತಾರ." ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಮುಂದುವರಿಸಿದರು. "ಐದಕ್ಕ ಏಳೂದು ಹಗುರ ಐತ್ರಿ. ಇದು ಆಗೂದಿಲ್ಲ."

ಇಡೀ ಪ್ರಕರಣ ಆ ಒಂದು ಮಾತಿನಲ್ಲಿ ಇದೆ. ತಣ್ಣೀರು ಸ್ನಾನ ಕಷ್ಟ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಅದನ್ನು ಯಾರೂ ನೋಡೋದಿಲ್ಲ. ಬಚ್ಚಲಲ್ಲಿ ಒಬ್ಬರೇ ಸೋಲಬಹುದು, ಒಬ್ಬರೇ ಗೆಲ್ಲಬಹುದು. ಇನ್ನೊಬ್ಬರ ಎದುರು, ಅದೂ ಮಗಳ ವಯಸ್ಸಿನವಳ ಎದುರು, "ನನಗೆ ಇದು ಬರೋದಿಲ್ಲ" ಅನ್ನೋದು ಬೇರೆಯೇ ಕಷ್ಟ. ಆ ಹನ್ನೊಂದು ಕಾಲಂ ಅವರನ್ನು ಬೆಳೆಸುತ್ತಾ ಇರಲಿಲ್ಲ, ಈ ಹನ್ನೆರಡನೆಯದನ್ನು ಬರೆಯದೇ ಇರೋಕೆ ನೆಪ ಒದಗಿಸುತ್ತಿತ್ತು. ಸಪ್ತಾಪುರದ ಹುಡುಗರಲ್ಲೂ ಇದನ್ನೇ ನೋಡುತ್ತೇನೆ. ನಾಲ್ಕು ಬಣ್ಣದ ಪೆನ್ನಿನಲ್ಲಿ ಟೈಮ್‌ಟೇಬಲ್ ಬರೆದು ಗೋಡೆಗೆ ಹಚ್ಚಿರುತ್ತಾರೆ, ಒಂದು ಉತ್ತರ ಬರೆದು ಯಾರಿಗಾದರೂ ತೋರಿಸಿದ್ದೀಯೇನಪ್ಪಾ ಅಂದರೆ ತಲೆ ಬಗ್ಗಿಸುತ್ತಾರೆ.

ಗ್ರೋತ್ ಮೈಂಡ್‌ಸೆಟ್ ಅನ್ನುವ ಮಾತು ಈಗ ಎಲ್ಲರ ಬಾಯಲ್ಲಿ ಇದೆ, ಅಂದರೆ ಬುದ್ಧಿ ಹುಟ್ಟಿನಿಂದ ಬಂದಷ್ಟೇ ಅಲ್ಲ, ಪ್ರಯತ್ನದಿಂದ ಬೆಳೆಯುತ್ತೆ ಅನ್ನುವ ನಂಬಿಕೆ. ಅದರ ಹಿಂದಿರುವ ಸಂಶೋಧಕಿ ಕ್ಯಾರಲ್ ಡ್ವೆಕ್. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಜೊತೆ ಅವರು ಪ್ರಕಟಿಸಿದ ಪ್ರಯೋಗಗಳನ್ನು ನಾನು ದಿವಾನಜಿಗೆ ಹೇಳಿದೆ. ಐದನೇ ಈಯತ್ತೆಯ ಮಕ್ಕಳಿಗೆ ಆಕೃತಿಗಳ ಒಗಟು ಕೊಟ್ಟು, ಬಿಡಿಸಿದ ಮೇಲೆ ಕೆಲವರಿಗೆ "ನೀನು ಜಾಣ" ಅಂದರು, ಕೆಲವರಿಗೆ "ಚೆನ್ನಾಗಿ ಪ್ರಯತ್ನಪಟ್ಟೆ" ಅಂದರು. ಜಾಣ ಅನ್ನಿಸಿಕೊಂಡವರಲ್ಲಿ ಹೆಚ್ಚಿನವರು ಮುಂದೆ ಸುಲಭದ್ದನ್ನೇ ಆರಿಸಿಕೊಂಡರು. ಕಷ್ಟದ್ದರಲ್ಲಿ ಎಡವಿದ ಮೇಲೆ, ತಮಗೆ ಬಂದ ಅಂಕವನ್ನು ಬೇರೆ ಮಕ್ಕಳಿಗೆ ತಿಳಿಸುವಾಗ ಸುಳ್ಳು ಹೇಳಿದವರೂ ಅವರಲ್ಲೇ ಜಾಸ್ತಿ. ಜಾಣ ಅನ್ನೋ ಹೆಸರು ಉಳಿಸಿಕೊಳ್ಳಬೇಕಲ್ಲ. "ದಿವಾನಜಿಗೆ ಗೊತ್ತಿಲ್ಲದ್ದು ಏನೈತಿ" ಅಂತ 18 ವರ್ಷ ಹೊಗಳಿಸಿಕೊಂಡ ಮನುಷ್ಯ ಸ್ಕೇಲ್ ಹಿಡಿದು ರಾತ್ರಿ ಕೂರೋದರಲ್ಲಿ ಆಶ್ಚರ್ಯ ಏನಿದೆ?

ಇನ್ನೊಂದು ಮಾತು. ಡ್ವೆಕ್ ಅವರೇ 2015ರ ಹೊತ್ತಿಗೆ, ಬಾಯಲ್ಲಿ ಮಾತ್ರ ಇರುವ ಈ ಮೈಂಡ್‌ಸೆಟ್ ಬಗ್ಗೆ ಬೇಸರದಿಂದ ಬರೆದರು. 2019ರಲ್ಲಿ ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿ ಮಕ್ಕಳಿಗೆ ಈ ಮೈಂಡ್‌ಸೆಟ್ ಕಲಿಸಿ ನೋಡಿದ ದೊಡ್ಡ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಸಿಕ್ಕ ಲಾಭ ನಿಜವಾದದ್ದೇ, ಆದರೆ ಚಿಕ್ಕದು. ಮನಸ್ಸು ಬದಲಾಯಿಸಿದರೆ ಜೀವನ ಬದಲಾಗುತ್ತೆ ಅಂತ ಸ್ಟೇಜ್ ಮೇಲೆ ಚಪ್ಪಾಳೆ ಹೊಡೆಸುವವರು ಇದನ್ನು ಹೇಳೋದಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಒಂದು ತಿಂಗಳು ನೋಟ್‌ಬುಕ್ಕು ಬೀರುವಿನಲ್ಲಿ ಇರಲಿ. ವಾಕಿಂಗ್ ಬಿಡಬೇಡಿ, ಅದು ನಿಮಗೆ ಇಷ್ಟ. ಆರೂವರೆಗೆ ಏಳಿ. 2ಬಿ ಡೌನ್‌ಲೋಡ್ ಮಾಡಿದ ದಿನ, ಹನ್ನೊಂದರ ಚಹಾ ಬಂದ ಕೂಡಲೇ, ಆ ಹುಡುಗಿಯ ಟೇಬಲ್ಲಿಗೆ ಹೋಗಿ ಕೇಳಿ. ಹೀಗೆ ಯಾವಾಗ, ಎಲ್ಲಿ, ಏನು ಅಂತ ಮೊದಲೇ ಗೊತ್ತು ಮಾಡಿಕೊಂಡರೆ ಕೆಲಸ ಆಗುವ ಸಾಧ್ಯತೆ ಹೆಚ್ಚು ಅನ್ನೋದನ್ನು ಪೀಟರ್ ಗೋಲ್‌ವಿಟ್ಸರ್ ಎಂಬ ಮನೋವಿಜ್ಞಾನಿ ತೊಂಬತ್ತರ ದಶಕದಲ್ಲೇ ತೋರಿಸಿದ್ದಾರೆ. "ಇನ್ನು ಮುಂದೆ ಕೇಳ್ತೀನಿ" ಅನ್ನೋದಕ್ಕೂ "ಹನ್ನೊಂದರ ಚಹಾಕ್ಕೆ ಕೇಳ್ತೀನಿ" ಅನ್ನೋದಕ್ಕೂ ಬಹಳ ವ್ಯತ್ಯಾಸ ಇದೆ.

ಆಮೇಲೆ ಆ ಮಾತನ್ನು ನನ್ನ ಎದುರೇ ಆಡಿ ನೋಡಿ ಅಂದೆ. ಮೊದಲ ಸಲ ಬಂದದ್ದು: "ತಂಗಿ, ಇದನ್ನ ನೀ ಹೆಂಗ ಮಾಡ್ತಿ, ನೋಡೋಣು ತೋರಸು." ಇದು ಕೇಳಿದ್ದಲ್ಲ, ಪರೀಕ್ಷೆ ತಗೊಂಡಿದ್ದು ಅಂತ ನಾನು ನಕ್ಕೆ, ಅವರೂ ನಕ್ಕರು. ಎರಡನೇ ಸಲ: "ನನಗ ಕಣ್ಣು ಸರಿಯಾಗಿ ಕಾಣಂಗಿಲ್ಲ, ಅದಕ್ಕ..." ಕಣ್ಣಿನ ಮೇಲೆ ಹಾಕಬೇಡಿ ಅಂದೆ. ತಾಲೀಮು ಸುಮಾರು ಹೊತ್ತು ನಡೆಯಿತು. "ಬರೂದಿಲ್ಲ" ಅನ್ನುವ ಶಬ್ದಕ್ಕೆ ಬಂದ ಕೂಡಲೇ ದನಿ ಸಣ್ಣದಾಗಿ, ವಾಕ್ಯ ಬೇರೆ ಕಡೆ ಹೊರಳುತ್ತಿತ್ತು. ಕಡೆಗೆ, "ತಂಗಿ, ಇದು ನನಗ ಬರೂದಿಲ್ಲ. ಒಂದ್ಸಲ ಹಗೂರಕ ತೋರಸವಾ." ಅಷ್ಟೇ. ಹೊರಡುವಾಗ ಅದನ್ನು ಚೀಟಿಯಲ್ಲಿ ಬರೆದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು.

ಈ ಸಲಹೆಗೆ ವಿರೋಧ ಬಂತು. ಅವರ ಭಾವ ಫೋನ್ ಮಾಡಿ, ಇಷ್ಟು ಕಷ್ಟಪಟ್ಟು ಬೇಗ ಏಳೋದು ಕಲಿತವರಿಗೆ ಮಲಗು ಅಂತ ಹೇಳ್ತೀರಲ್ಲ, ನೀವೆಂಥ ಕೌನ್ಸೆಲರ್ ಅಂದರು. ಅವರಿಗೆ ಪ್ರಕರಣದ ವಿಷಯ ಏನೂ ಹೇಳಲಿಲ್ಲ, ಹೇಳುವಂತಿಲ್ಲ. ಇಲ್ಲಿ ಹೇಳುತ್ತೇನೆ. ಬೇಗ ಏಳೋದರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಕಡೆ ಹೊಲಕ್ಕೆ ಹೋಗುವವರು, ಹಾಲು ಹಾಕುವವರು ಯಾವ ವಿಡಿಯೋನೂ ನೋಡದೇ ನಾಲ್ಕಕ್ಕೇ ಏಳುತ್ತಾರೆ, ಆದರೆ ಅವರು ಒಂಬತ್ತಕ್ಕೆ ಮಲಗಿರುತ್ತಾರೆ. ದಿವಾನಜಿ ಹನ್ನೆರಡಕ್ಕೆ ಮಲಗಿ ಐದಕ್ಕೆ ಏಳುತ್ತಿದ್ದರು. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಐದು ಗಂಟೆ ಮಲಗಿ, ಮಧ್ಯಾಹ್ನ ಬಿಲ್ ನಂಬರ್ ತಪ್ಪು ಹೊಡೆದು, ರಾತ್ರಿ ಅದನ್ನು ತಿದ್ದೋಕೆ ಕೂತು ಮತ್ತೆ ತಡವಾಗಿ ಮಲಗುವ ಮನುಷ್ಯನಿಗೆ ಇನ್ನೇನು ಹೇಳಬೇಕಿತ್ತು? ಇನ್ನೊಂದು ಕಾಲಂ ಸೇರಿಸಿ ಅಂತಲೇ?

ಮುಂದಿನ ತಿಂಗಳು ಕೇಳಿದರು. ಚೀಟಿಯಲ್ಲಿ ಇದ್ದ ಹಾಗೆಯೇ ಕೇಳಿದರಂತೆ. ಹುಡುಗಿ ಏನೂ ಅನ್ನಲಿಲ್ಲ, "ಅಯ್ಯ, ಬಿಡ್ರಿ ಸರ್, ನಾನ ಮಾಡಿಕೊಡ್ತೀನಿ" ಅಂತ ಅರ್ಧ ಗಂಟೆಯಲ್ಲಿ ಮುಗಿಸಿ ಕೊಟ್ಟಳು. ಇವರು ಬಹಳ ಖುಷಿಯಿಂದ ಬಂದು ನನಗೆ ಹೇಳಿದರು. ಖುಷಿಗೆ ಕಲ್ಲು ಹಾಕಿದ ಹಾಗಾಯಿತೇನೋ, ಆದರೂ ಹೇಳಿದೆ: ಕೆಲಸ ಆಯಿತು, ಕಲಿತದ್ದೇನು? ನೋಡುತ್ತಾ ನಿಂತವರಿಗೆ ಯಾವ ವಿದ್ಯೆಯೂ ಬರೋದಿಲ್ಲ, ಮುಂದಿನ ತಿಂಗಳು ಮೌಸ್ ನಿಮ್ಮ ಕೈಯಲ್ಲಿ ಇರಬೇಕು, ಆಕೆ ಪಕ್ಕದಲ್ಲಿ ಕೂತು ಹೇಳಬೇಕು. ಇದಕ್ಕೂ ಒಂದು ತಾಲೀಮು ಆಯಿತು.

ಮೌಸ್ ಹಿಡಿದ ದಿನ ವಿಲುಕಪ್ ಅರ್ಧಕ್ಕರ್ಧ ಬಿಲ್ಲುಗಳಿಗೆ "ಇಲ್ಲ" ಅಂತ ತೋರಿಸಿತಂತೆ. ಆಕೆ ಗಾಬರಿಯಾದಳು, ಇವರು ಆಗಲಿಲ್ಲ. ಮಾಲು ಕೊಡುವ ಕೆಲವು ಪಾರ್ಟಿಗಳು ಬಿಲ್ಲಿನ ಮೇಲೆ 45 ಅಂತ ಹಾಕಿ ಪೋರ್ಟಲ್‌ನಲ್ಲಿ 0045 ಅಂತ ತುಂಬುತ್ತಾರೆ ಅಂತ ಇವರಿಗೆ ಗೊತ್ತಿತ್ತು. ಯಾವ ಯಾವ ಪಾರ್ಟಿ ಅಂತಲೂ ಬಾಯಿಪಾಠ. ಅವುಗಳನ್ನು ಸರಿ ಮಾಡಿಕೊಂಡು ಮತ್ತೆ ಹಾಕಿದರು, ಕೂತಿತು. ಈಗ 17ರ ಹೊತ್ತಿಗೆ ಕೆಲಸ ಮುಗಿಯುತ್ತೆ, ಎಂಟೂವರೆಗೆ ಮನೆ ಸೇರುತ್ತಾರೆ. ನೋಟ್‌ಬುಕ್ಕು ಬೀರುವಿನಿಂದ ಹೊರಗೆ ಬಂದಿದೆ, ಕಾಲಂ ಎರಡೇ: ವಾಕಿಂಗ್, ಮತ್ತು "ಇವತ್ತು ಯಾರನ್ನ ಏನು ಕೇಳಿದೆ". ಎರಡನೆಯದಕ್ಕೆ ಟಿಕ್ಕು, ಸೊನ್ನೆ ಹಾಕಬೇಡಿ, ಕೇಳಿದ ಪ್ರಶ್ನೆಯನ್ನೇ ಬರೆಯಿರಿ ಅಂದಿದ್ದೇನೆ. ಖಾಲಿ ದಿನಗಳೂ ಇವೆ. ಇರಲಿ.

ಎರಡನೇ ಅಂಗಡಿಯ ಲೆಕ್ಕ ಇನ್ನೂ ಹುಡುಗಿಯ ಹತ್ತಿರವೇ ಇದೆ, ಚೆನ್ನಾಗಿ ಮಾಡುತ್ತಾಳೆ, ಅದು ಅವಳ ಹತ್ತಿರವೇ ಇರೋದು ನ್ಯಾಯ ಅಂತ ನನ್ನ ಅಭಿಪ್ರಾಯ. ದಿವಾನಜಿ ಈಗ ಸಾವಕಾರರ ಹತ್ತಿರ ಸಂಬಳ ಜಾಸ್ತಿ ಮಾಡಿ ಅಂತ ಕೇಳಬೇಕಾಗಿದೆ. ಮೂರು ವರ್ಷದಿಂದ ಕೇಳಿಲ್ಲ. ಕಳೆದ ಶನಿವಾರದ ತಾಲೀಮಿನಲ್ಲಿ "ಸಾವಕಾರ್ರ, ಮಗನ ಕಾಲೇಜ್ ಫೀ ಭಾಳ ಆಗೇತ್ರಿ, ಎಣ್ಣಿ ರೇಟೂ ಏರೇತಿ" ಅಂತ ಶುರು ಮಾಡಿ ಎಣ್ಣೆಯ ರೇಟಿನಲ್ಲೇ ಉಳಿದರು. ಎಷ್ಟು ಬೇಕು ಅಂತ ಒಂದು ಅಂಕಿ ಹೇಳಿ ಅಂದರೆ ಬಾಯಿಗೆ ಬರಲಿಲ್ಲ. ಈ ಶನಿವಾರ ಮತ್ತೆ ಬರುತ್ತಾರೆ. ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಬನ್ನಿ ಅಂತ ಹೇಳಿ ಕಳಿಸಿದ್ದೇನೆ.