ಪೇಟೆಂಟ್ ಮೊದಲೋ, ಗಿರಾಕಿ ಮೊದಲೋ?

ಏರ್‌ಬ್ಯಾಗ್ ಬಟ್ಟೆಗೆ ಸಿಲಿಕೋನ್ ಸಮನಾಗಿ ಬಳಿಯೋ ಸಾಧನ ಮಾಡಿದೀನಿ, ಮೊದಲು ಪೇಟೆಂಟ್ ಮಾಡಿಸಲೋ, ಕಂಪನಿಗೆ ತೋರಿಸಲೋ ಅಂತ ಕೇಳಿದೀರಿ. ಒಂಬತ್ತು ವರ್ಷದ ಹಿಂದೆ ನನ್ನ ತಲೇಲೂ ಇದೇ ಕೊರೀತಿತ್ತು.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಟಾರ್ಪಾಲ್ ಕೋಟಿಂಗ್ ಕೆಲಸ ನನ್ನದು. ಅಪ್ಪ ಹತ್ತಿ ಗಿರಣಿಯಲ್ಲಿ ಇದ್ದೋರು. ಗಿರಣಿ ಮುಚ್ಚಿದ ಮೇಲೂ ಯಾವ ಬಟ್ಟೆ ಕಂಡರೂ ಅಂಚನ್ನ ಬೆರಳಲ್ಲಿ ಸವರಿ ನೋಡೋರು. ಆ ಚಾಳಿ ನನಗೂ ಬಂತು. ರೋಲರ್ ಮೇಲೆ ಬಟ್ಟೆ ಓಡ್ತಿರುತ್ತೆ, ಮೇಲೆ ಡಾಕ್ಟರ್ ಬ್ಲೇಡು, ಅಂದರೆ ಪೇಸ್ಟನ್ನ ಬಟ್ಟೆ ಮೇಲೆ ತೆಳ್ಳಗೆ ಸವರೋ ಪಟ್ಟಿ, ಅದರ ಹಿಂದೆ ಬಳಿಯೋ ಪೇಸ್ಟು. ಅಂಚು ಸಡಿಲ ಆದ ಕಡೆ ಪೇಸ್ಟ್ ದಪ್ಪ ಕೂರೋದು. ಬ್ಲೇಡಿಗೆ ಒಂದು ಗೇಣು ಮೊದಲು ಎರಡೂ ಅಂಚಿಗೆ ಓರೆ ರೋಲರ್ ಕೂರಿಸಿದೆ. ಅಂಚು ಸಡಿಲ ಆದಷ್ಟೂ ಸ್ಪ್ರಿಂಗ್ ಅದನ್ನ ಹೊರಕ್ಕೆ ವಾಲಿಸಿ ಬಟ್ಟೆ ಎಳೆಯೋದು. ಹರಿಹರದ ಒಂದು ಲೇತ್‌ನಲ್ಲಿ ಕಡೆಸಿದ್ದು.

ಕೆಲಸ ಮಾಡಿದ ಖುಷಿಗೆ ವಿಡಿಯೋ ತೆಗೆದು ಯೂಟ್ಯೂಬಿಗೆ ಹಾಕಿದೆ. ಸ್ಪ್ರಿಂಗ್ ಹತ್ತಿರ ಮೊಬೈಲ್ ಹಿಡಿದು “ಗುಟ್ಟಿರೋದು ಇಲ್ಲೇ ನೋಡ್ರಿ” ಅಂತ ನಾನೇ ವಿವರಿಸಿದ್ದೆ. ಐದು ತಿಂಗಳಾದ ಮೇಲೆ ಪೇಟೆಂಟ್ ಅರ್ಜಿ ಹಾಕಿದೆ. ಪೇಟೆಂಟ್ ಕಚೇರಿಯೋರು ಅರ್ಜಿ ಪರಿಶೀಲಿಸಿ ಬರೆದ ಪರೀಕ್ಷಾ ವರದಿ ಬಂತು. ಇದು ಹೊಸದಲ್ಲ ಅನ್ನೋದಕ್ಕೆ ಅದರಲ್ಲಿ ಕೊಟ್ಟ ಮೊದಲ ಆಧಾರವೇ ನನ್ನ ವಿಡಿಯೋದ ಲಿಂಕು.

ನಾನೇ ಹಾಕಿದ್ದಲ್ವಾ, ಯಾರೂ ಕದ್ದಿಲ್ಲವಲ್ಲ ಅಂತ ವಾದಿಸಿದೆ. ನಾವೇ ಹೊರಗೆ ಬಿಟ್ಟಿದ್ದು ಅನ್ನೋದು ಲೆಕ್ಕಕ್ಕೇ ಬರಲ್ಲ. ಅರ್ಜಿಯ ದಿನಾಂಕಕ್ಕೆ ಮೊದಲು ಜನಕ್ಕೆ ನೋಡೋಕೆ ಸಿಗೋ ಹಾಗಿದ್ದರೆ ಮುಗೀತು, ನೋಡಿದೋರು ಹತ್ತೇ ಜನ ಆದರೂ ಅಷ್ಟೇ. ಸರ್ಕಾರ ಗೆಜೆಟ್‌ನಲ್ಲಿ ಸೂಚಿಸಿದ ಪ್ರದರ್ಶನದಲ್ಲಿ ಇಟ್ಟಿದ್ದರೆ, ವಿದ್ವತ್ ಸಂಘದಲ್ಲಿ ಪ್ರಬಂಧ ಓದಿದ್ದರೆ 12 ತಿಂಗಳ ವಿನಾಯಿತಿ ಇದೆ. ಯೂಟ್ಯೂಬಿಗೆ ಇಲ್ಲ. ಅಮೆರಿಕದಲ್ಲಿ ಸ್ವಂತ ಪ್ರಕಟಣೆಗೆ ಒಂದು ವರ್ಷ ಕೊಡ್ತಾರೆ ಅಂತ ಎಲ್ಲೋ ಓದಿ, ಇಲ್ಲೂ ಹಾಗೇ ಅಂದ್ಕೊಂಡಿದ್ದೆ. ವಿಡಿಯೋ ಅಳಿಸಿದೆ. ಅಳಿಸಿದರೆ ದಿನಾಂಕ ಅಳಿಯುತ್ತಾ?

ಅದಕ್ಕೇ ಹೇಳೋದು, ಇದೋ ಅದೋ ಅನ್ನೋ ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಮೊದಲು ಪ್ರಾವಿಜನಲ್ ಅರ್ಜಿ, ಅಂದರೆ ದಿನಾಂಕ ಹಿಡಿದಿಡೋ ತಾತ್ಕಾಲಿಕ ಅರ್ಜಿ ಹಾಕಿ. ಅದಕ್ಕೆ ಒಬ್ಬ ವ್ಯಕ್ತಿಗೆ ಆನ್‌ಲೈನಿನಲ್ಲಿ 1,600 ರೂಪಾಯಿ. ಕರ್ನಾಟಕದೋರಿಗೆ ಚೆನ್ನೈ ಪೇಟೆಂಟ್ ಕಚೇರಿ. ಪೂರ್ಣ ವಿವರಣೆ ಕೊಡೋಕೆ 12 ತಿಂಗಳು ಸಿಗುತ್ತೆ, ಗಿರಾಕಿ ಹುಡುಕೋಕೂ ಅದೇ ಕಾಲ. ನಾಲ್ಕು ಸಾಲು ಗೀಚಿ ಕಳಿಸಬೇಡಿ, ಚಿತ್ರ ಸಮೇತ ಬರೀರಿ. ಅದರಲ್ಲಿ ಬಿಟ್ಟುಹೋಗಿದ್ದಕ್ಕೆ ಆ ದಿನಾಂಕ ಸಿಗಲ್ಲ.

ಅರ್ಜಿಯನ್ನ ಏರ್‌ಬ್ಯಾಗ್ ಒಂದಕ್ಕೇ ಕಟ್ಟಿಹಾಕಲೂಬೇಡಿ, ಆ ಗಿರಾಕಿಗೆ ಕಾಯ್ತಾ ಪೇಟೆಂಟ್ ಅವಧಿಯೇ ಕಳೆದುಹೋಗಬಹುದು. ಜಾನ್ ಹೆಟ್ರಿಕ್ ಅನ್ನೋರು ಅಮೆರಿಕದಲ್ಲಿ 1953ರಲ್ಲೇ ಕಾರಿನ ಗಾಳಿಚೀಲಕ್ಕೆ ಪೇಟೆಂಟ್ ಪಡೆದರು. ಆಗ ಅವಧಿ 17 ವರ್ಷ. ಕಂಪನಿಗಳು ಕಾರಿಗೆ ಹಾಕಿ ಮಾರೋ ಹೊತ್ತಿಗೆ ಅದು ಮುಗಿದೇ ಹೋಗಿತ್ತು. ನಮ್ಮಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದೇ 2019ರ ಜುಲೈನಲ್ಲಿ. ಕಣ್ಣು ಮಿಟುಕಿಸೋದರೊಳಗೆ ಉಬ್ಬಿ ಜೀವ ಉಳಿಸಬೇಕಾದ ಚೀಲ ಅದು, ಹೊಸಬರ ಬಟ್ಟೆಯನ್ನ ಯಾರೂ ಸುಲಭಕ್ಕೆ ಒಪ್ಪಲ್ಲ, ಒಪ್ಪಲೂಬಾರದು. ಟಾರ್ಪಾಲ್, ಕಾಗದ, ಪ್ಲಾಸ್ಟಿಕ್ ಹಾಳೆ, ಓಡೋ ಹಾಳೆ ಯಾವುದಿದ್ದರೂ ಸೇರೋ ಹಾಗೆ ಬರೀರಿ.

ಪ್ರಶ್ನೆ ಜೊತೆ ನೀವು ಹಾಕಿರೋ ಸಾಧನದ ಫೋಟೋದಲ್ಲಿ ಹೊರಗಿನ ಕವಚ ಮಾತ್ರ ಕಾಣ್ತಿದೆ, ಅಷ್ಟರಮಟ್ಟಿಗೆ ಬಚಾವ್. ಕೆಳಗೆ ಯಾರೋ “ಒಳಗೆ ಹೆಂಗಿದೆ ಅಣ್ಣಾ” ಅಂತ ಕೇಳಿದಾರೆ. ಅರ್ಜಿ ಸಂಖ್ಯೆ ಕೈಗೆ ಬರೋವರೆಗೂ ಅವರಿಗೆ ಉತ್ತರ ಕೊಡಬೇಡಿ.