ಶಿರಾ ಕಡೆಯ ಎಂಟು ಎಕರೆ ಖರಾಬಿನಲ್ಲಿ ಕಾಡು ಬೆಳೆಸಿ, ಜಾನಪದ ಮತ್ತು ಚಿತ್ರಕಲೆ ಶಿಬಿರದ ವಾಸ್ತವ್ಯ ಮಾಡೋಕೆ ಎಷ್ಟು ಗಿಡ ನೆಡಬೇಕು?

ಒಂದೂ ನೆಡಬೇಡಿ.

ಮುಂದಿನ ವಾರ ಜೆಸಿಬಿ ಬರುತ್ತೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ಕೆಂದಿತು. 2016ರಲ್ಲಿ ಹಿರಿಯೂರು ತಾಲ್ಲೂಕಿನ ನಮ್ಮ ಆರು ಎಕರೆಯನ್ನು ನಾನೂ ಖರಾಬು ಅಂತಲೇ ಕರೀತಿದ್ದೆ. ಹಾಡೋರು, ಚಿತ್ರ ಬರೆಯೋರು ಬಂದು ನಾಲ್ಕು ದಿನ ಇರಲಿ, ಸುತ್ತ ನೆರಳಿರಲಿ ಅನ್ನೋ ಆಸೆ. ಮೇ ತಿಂಗಳ ಬಿಸಿಲಲ್ಲಿ ಹುಲ್ಲೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು. ಸತ್ತಿದೆ ಅಂದುಕೊಂಡು ಟ್ರ್ಯಾಕ್ಟರ್ ಹೊಡೆಸಿ, ಗುಂಡಿ ತೆಗೆಸಿ, ಹೊಂಗೆ, ಬೇವು, ಸಿಲ್ವರ್ ಓಕ್ ನೆಟ್ಟೆ.

ತಪ್ಪಾಗಿದ್ದು ಎಲ್ಲಿ ಅಂತ ಬಿಡಿಸಿ ಹೇಳಲೇಬೇಕು. ಬಯಲುಸೀಮೆಯ ಹುಲ್ಲೆಲ್ಲ ಪ್ರತಿವರ್ಷ ಹೊಸದಾಗಿ ಹುಟ್ಟಿ ಸಾಯೋ ಜಾತಿಯಲ್ಲ. ಕರಡ, ಹಂಚಿಕಡ್ಡಿಯಂಥವು ಮೇಲೆ ಒಣಗಿದ್ರೂ ಬುಡದಲ್ಲಿ ಜೀವ ಹಿಡ್ಕೊಂಡು ವರ್ಷಾನುಗಟ್ಟಲೆ ಬದುಕ್ತವೆ. ಎರಡು ಮಳೆ ಬಿದ್ದರೆ ಅದೇ ಬುಡ ಚಿಗುರುತ್ತೆ. ನೇಗಿಲು ಆ ಬುಡವನ್ನೇ ಬುಡಮೇಲು ಮಾಡಿ ಬಿಸಿಲಿಗೆ ಹಾಕಿತು. ಪಕ್ಕದ ಹಟ್ಟಿಯ ಅಜ್ಜ ಒಂದು ಬುಡ ಎತ್ತಿಕೊಂಡು ಉಗುರಲ್ಲಿ ಕೆರೆದು ತೋರಿಸಿದರು, ಒಳಗೆ ಇನ್ನೂ ಬೆಳ್ಳಗೆ, ಹಸಿಯಾಗಿತ್ತು. "ಇದ್ನ ಸತ್ತೈತೆ ಅಂದೋರು ಯಾರಪ್ಪ?" ಅಂದರು. ಜೂನ್ ಮಳೆಗೆ ಆ ಜಾಗದಲ್ಲಿ ಎದೆಮಟ್ಟ ಎದ್ದಿದ್ದು ಪಾರ್ಥೇನಿಯಂ. ಸಸಿಗಳಲ್ಲೂ ಮುಕ್ಕಾಲು ಪಾಲು ಎರಡು ಬೇಸಿಗೆಯಲ್ಲಿ ಒಣಗಿದವು.

ನಮ್ಮ ಕಡೆ ಹುಲ್ಲುಗಾವಲನ್ನು ಪಾಳು ಅನ್ನೋದೇ ದೊಡ್ಡ ತಪ್ಪು. ಮೈಸೂರು ಅರಸರು ದನ ಮೇಯೋಕೆ ಅಂತಲೇ ಕಾವಲು ಅನ್ನೋ ಹುಲ್ಲುಗಾವಲುಗಳನ್ನು ಕಾದಿಟ್ಟಿದ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನ ನೋಡಿಕೊಳ್ತಿದ್ದ ಬೆಣ್ಣೆ ಚಾವಡಿ ಅನ್ನೋ ಇಲಾಖೆಯೇ ಟಿಪ್ಪು ಕಾಲಕ್ಕೆ ಅಮೃತ ಮಹಲ್ ಆಯ್ತು. ರಾಣೆಬೆನ್ನೂರಲ್ಲಿ ಹುಲ್ಲುಗಾವಲಿಗೆ ನೀಲಗಿರಿ ಹಾಕಿದರು. 1974ರಲ್ಲಿ ಅಲ್ಲಿ 119 ಚದರ ಕಿಲೋಮೀಟರ್ ಅಭಯಾರಣ್ಯ ಆಯ್ತು, ಕೃಷ್ಣಮೃಗ ಇವೆ, ಬಯಲಲ್ಲಿ ಬದುಕೋ ದೊಡ್ಡ ಹಕ್ಕಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಮಾತ್ರ ಈಗ ಅಲ್ಲಿಲ್ಲ. ಅದಕ್ಕೆ ಬೇಕಿದ್ದಿದ್ದು ಬಯಲು.

ನಮ್ಮಲ್ಲಿ ಕಲ್ಲು ಜಾಸ್ತಿ ಅಂತ ಟ್ರ್ಯಾಕ್ಟರ್ ಬಿಟ್ಟಿದ್ದ ಅರ್ಧ ಎಕರೆಯೇ ಈಗ ನನ್ನ ಬೀಜದ ಕಣಜ. ಒಂದು ಜಾತಿ ಹುಲ್ಲಿನ ಬೀಜಕ್ಕೆ ಹುರಿ ಮಾಡಿದಂಥ ಬಾಲ ಇರುತ್ತೆ. ಅಂಗೈ ಮೇಲಿಟ್ಟು ಒಂದು ಹನಿ ನೀರು ಬಿಡಿ, ಹುರಿ ಬಿಚ್ಚಿಕೊಳ್ತಾ ಗಿರಗಿರ ತಿರುಗುತ್ತೆ. ಮಳೆ ಬಂದಾಗ ಹಾಗೇ ಮಣ್ಣು ಕೊರೆದು ತಾನೇ ಇಳಿಯುತ್ತೆ. ಅದನ್ನು ಕೈಯಲ್ಲೇ ಬಿಡಿಸಿ ಎರಚ್ತೀವಿ. ಪಾರ್ಥೇನಿಯಂ ಹೂ ಬಿಡೋಕೆ ಮುಂಚೆ ಕೀಳ್ತೀವಿ, ಬೀಜ ಉದುರಿದ ಮೇಲೆ ಕುರಿ ಮಂದೆ ಬಿಡ್ತೀವಿ. ಎಂಟು ವರ್ಷಕ್ಕೆ ಎರಡು ಎಕರೆಯಷ್ಟೇ ಹಿಂದಕ್ಕೆ ಬಂದಿದೆ.

ಇನ್ನು ಹಾಡು. ಮೊದಲ ಶಿಬಿರಕ್ಕೆ ಅದೇ ಅಜ್ಜನನ್ನು ಕರೆಸಿ, ಶಾಮಿಯಾನದ ಕೆಳಗೆ ಮೈಕ್ ಮುಂದೆ ಕೂರಿಸಿದೆ. ಜುಂಜಪ್ಪನ ಪದ ಹತ್ತು ನಿಮಿಷ ಹೇಳಿ ನಿಲ್ಲಿಸಿಬಿಟ್ಟರು. ದನ, ಕುರಿ ಮೇಯಿಸೋ ಕಾಡುಗೊಲ್ಲರಿಗೆ ಜುಂಜಪ್ಪ ದೇವರು, ಅವನ ಗಣೆ, ಅಂದರೆ ಕೊಳಲು, ಪೂಜೆಯ ವಸ್ತು. ಆ ಕಥೆ ತುಂಬ ದನ, ಹುಲ್ಲು, ಕಾಡು. ಮೂರು ವರ್ಷದ ಮೇಲೆ ಆ ಎರಡು ಎಕರೆಯಲ್ಲಿ ದನ ಮೇಯುವಾಗ ಅವರೇ ಆ ಪದ ಎತ್ತಿಕೊಂಡರು, ಕತ್ತಲಾದರೂ ಬಿಡಲಿಲ್ಲ. ನಾವು ಏಳು ಜನ ಉಸಿರು ಬಿಗಿಹಿಡಿದು ಕೂತಿದ್ದೆವು.

ಚಿತ್ರಕಲೆಗೆ ಬೆಂಗಳೂರಿನಿಂದ ಬಣ್ಣ ಹೊತ್ತುಕೊಂಡು ಬರೋದು ಬೇಡ. ಚಳ್ಳಕೆರೆ ಕಡೆ ಕಂಬಳಿ ನೇಯೋರ ಮನೆಗೆ ಕರ್ಕೊಂಡು ಹೋಗಿ. ಮಗ್ಗದ ಹಾಸುನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚೋದನ್ನು ನೋಡಲಿ. ಆ ಉಣ್ಣೆಯೂ ಇದೇ ಹುಲ್ಲಿಂದ ಬಂದಿದ್ದು. ಹಾಡಿದೋರಿಗೂ ನೇಯ್ದು ತೋರಿಸಿದೋರಿಗೂ ದಿನಗೂಲಿಗಿಂತ ಜಾಸ್ತಿಯೇ ಕೊಡಿ, ಅದೂ ಅವತ್ತೇ.

ಶಿಬಿರ ನವೆಂಬರ್‌ನಿಂದ ಜನವರಿ ಒಳಗೆ ಇಟ್ಕೊಳ್ಳಿ, ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತೆ. ಮನೆಯನ್ನು ರಸ್ತೆ ಪಕ್ಕದ ಮೂಲೆಯಲ್ಲಿ ಕಟ್ಟಿ. ಜೆಸಿಬಿಯವರಿಗೆ ಇವತ್ತೇ ಫೋನ್ ಮಾಡಿ, ಬರೋದು ಬೇಡ ಅನ್ನಿ. ಮುಂಗಡ ಕೊಟ್ಟಿದ್ರೆ ಹೋಗಲಿ ಬಿಡಿ.