ಅಣ್ಣನ ಕಾಯಿಲೆ, ತಮ್ಮನ ಜೀನ್ ವರದಿ

ಸ್ಕಿಜೋಫ್ರೇನಿಯಾ ಎಂದರೆ ಇಲ್ಲದ ಧ್ವನಿ ಕೇಳಿಸುವ, ಕಾರಣವಿಲ್ಲದ ಅನುಮಾನ ಕಾಡುವ ಮನಸ್ಸಿನ ಕಾಯಿಲೆ. ಅದು ಇರುವ ಮನೆಯವರು ಸಲಹೆಗೆಂದು ನನ್ನ ಬಳಿ ಬಂದಾಗ ಮೊದಲ ಭೇಟಿಯಲ್ಲೇ ಕೇಳುವುದು ಒಂದೇ ಪ್ರಶ್ನೆ: ಇದು ಉಳಿದ ಮಕ್ಕಳಿಗೂ ಬರುತ್ತಾ? ಇತ್ತೀಚೆಗೆ ಆ ಪ್ರಶ್ನೆಯ ಜೊತೆ ಒಂದು ವರದಿಯೂ ಬರುತ್ತಿದೆ. ಆನ್‌ಲೈನ್‌ನಲ್ಲಿ ಕಿಟ್ ತರಿಸಿ, ಎಂಜಲು ತುಂಬಿ ಕಳಿಸಿ ಪಡೆದ ಜೀನ್ ವರದಿ. ಅಂಥ ಒಂದು ಪ್ರಕರಣವನ್ನು, ಗುರುತು ಸಿಗದ ಹಾಗೆ ವಿವರ ಬದಲಿಸಿ ಇಲ್ಲಿ ಬರೆದಿದ್ದೇನೆ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮನೆ. ಹಿರಿಯ ಮಗನಿಗೆ ಕೆಲವು ವರ್ಷಗಳಿಂದ ಸ್ಕಿಜೋಫ್ರೇನಿಯಾ. ಮಾತ್ರೆ ಒಮ್ಮೆ ತಗೊಳ್ಳುವುದು, ಒಮ್ಮೆ ಬಿಡುವುದು. ಕಿರಿಯವನು 21ರ ಹುಡುಗ, ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದ. ಪರೀಕ್ಷೆ ಹತ್ತಿರ ಬಂದರೆ ನಿದ್ದೆಯಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ಕೆಡುತ್ತದೆ. ನೆಂಟರೊಬ್ಬರ ಮಾತು ಕೇಳಿ ಜೀನ್ ಪರೀಕ್ಷೆ ಮಾಡಿಸಿದರು. ವರದಿಯಲ್ಲಿ ಸಿಒಎಂಟಿ ಎಂಬ ಜೀನಿನ ಮುಂದೆ ಕೆಂಪಕ್ಷರದಲ್ಲಿ ‘ಒತ್ತಡ ತಾಳುವ ಶಕ್ತಿ ಕಡಿಮೆ’ ಎಂದಿತ್ತು. ಕೊನೆಯ ಪುಟದಲ್ಲಿ, ಅದಕ್ಕೆ ತೆಗೆದುಕೊಳ್ಳಬೇಕಾದ ಪೂರಕ ಮಾತ್ರೆಗಳ ಪಟ್ಟಿ ಮತ್ತು ಬೆಲೆ. ಓದು ಬಿಡಿಸಿ ತೋಟಕ್ಕೆ ಹಾಕುವುದೆಂದು ಅಪ್ಪ ತೀರ್ಮಾನ ಮಾಡಿಕೊಂಡೇ ಕರೆತಂದಿದ್ದರು.

ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ಮಾತಾಡಿಸಿದ ದಿನ ಹುಡುಗ ಬಾಯಿ ಬಿಟ್ಟ.

“ಮೇಡಂ, ಪಿಯುಸಿಯಲ್ಲೂ ನಂಗೆ ಪರೀಕ್ಷೆ ಅಂದ್ರೆ ಎದೆ ಹೊಡ್ಕೊಳ್ತಿತ್ತು. ಆಗ ಅದು ಬರೀ ಹೆದರಿಕೆ. ಈ ರಿಪೋರ್ಟ್ ಬಂದ್ಮೇಲೆ ಎದೆ ಹೊಡ್ಕೊಂಡ್ರೆ ಅಣ್ಣಯ್ಯಂದು ನಂಗೂ ಶುರುವಾಯ್ತು ಅನ್ಸುತ್ತೆ. ರಾತ್ರಿ ಏನಾದ್ರೂ ಧ್ವನಿ ಕೇಳುತ್ತಾ ಅಂತ ಕಿವಿ ಕೊಟ್ಟು ಕೂತಿರ್ತೀನಿ.”

ಈ ಪ್ರಕರಣದ ಬೇರು ಇಲ್ಲೇ ಇತ್ತು. ಮೈಯಲ್ಲಿ ಆಗುತ್ತಿದ್ದದ್ದು ಬದಲಾಗಿರಲಿಲ್ಲ, ಅದಕ್ಕೆ ಅವನು ಕಟ್ಟಿಕೊಂಡ ಅರ್ಥ ಬದಲಾಗಿತ್ತು. ಕಿವಿ ಕೊಟ್ಟು ಕೂತವನಿಗೆ ನಿದ್ದೆ ಕೆಟ್ಟಿತು, ನಿದ್ದೆ ಕೆಟ್ಟದ್ದಕ್ಕೆ ಎದೆಬಡಿತ ಜಾಸ್ತಿಯಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ‘ನಿಮ್ಮ ಜೀನಿನಿಂದಾಗಿ ನಿಮಗೆ ದಮ್ಮು ಕಡಿಮೆ’ ಎಂದು ಹೇಳಿಸಿಕೊಂಡವರು ಟ್ರೆಡ್‌ಮಿಲ್ ಮೇಲೆ ಮೊದಲಿಗಿಂತ ಬೇಗ ಸುಸ್ತಾದರು, ಅಂಥ ಜೀನ್ ನಿಜಕ್ಕೂ ಇಲ್ಲದವರು ಕೂಡ.

ಸಿಒಎಂಟಿ ಜೀನು ಮಿದುಳಿನ ಮುಂಭಾಗದಲ್ಲಿ, ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನನ್ನು ಒಡೆಯುವ ಕಿಣ್ವವನ್ನು ಮಾಡುತ್ತದೆ. ಅದರ ಒಂದು ರೂಪ ಚುರುಕು, ಇನ್ನೊಂದು ನಿಧಾನ. ಎರಡೂ ಜನರಲ್ಲಿ ತೀರಾ ಸಾಮಾನ್ಯ. ನಿಧಾನ ರೂಪವೆಂದರೆ ಕಾಯಿಲೆಯಲ್ಲ. 2019ರಲ್ಲಿ, ಖಿನ್ನತೆಗೆ ಕಾರಣವೆಂದು ಹೆಸರಾಗಿದ್ದ 18 ಜೀನುಗಳನ್ನು ಲಕ್ಷಾಂತರ ಜನರ ಮಾಹಿತಿ ಇಟ್ಟುಕೊಂಡು ಪರಿಶೀಲಿಸಿದರು. ಸಿಒಎಂಟಿಯೂ ಅದರಲ್ಲಿತ್ತು. ಕಣ್ಣುಮುಚ್ಚಿ ಆರಿಸಿದ ಬೇರೆ ಜೀನುಗಳಿಗಿಂತ ಇವು ಹೆಚ್ಚೇನೂ ಹೇಳಲಿಲ್ಲ. ಸ್ಕಿಜೋಫ್ರೇನಿಯಾದಲ್ಲಂತೂ 2022ರ ದೊಡ್ಡ ಅಧ್ಯಯನ ಜೀನೋಮಿನ, ಅಂದರೆ ನಮ್ಮ ಜೀನುಗಳ ಒಟ್ಟು ಗಂಟಿನ, 287 ಜಾಗಗಳನ್ನು ಗುರುತಿಸಿದೆ. ಒಂದೊಂದರ ಪಾಲೂ ಕೂದಲೆಳೆಯಷ್ಟು. ಒಂದೇ ಜೀನಿಗೆ ಕೆಂಪು ಬಣ್ಣ ಬಳಿದು ಮಾತ್ರೆ ಮಾರುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಒಂದು ಅಪವಾದವನ್ನು ಮಾತ್ರ ಕೇಳಿ ತಿಳಿಯಲೇಬೇಕು. ಜೀನುಗಳನ್ನು ಹೊತ್ತ ಎಳೆಗಳಾದ ವರ್ಣತಂತುಗಳಲ್ಲಿ 22ನೆಯದರ ಒಂದು ತುಣುಕೇ ಹುಟ್ಟಿನಿಂದ ಇಲ್ಲದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಬರುತ್ತದೆ. ಹುಟ್ಟಿದಾಗಲೇ ಹೃದಯದ ತೊಂದರೆ, ಸೀಳಂಗುಳ, ರಕ್ತದಲ್ಲಿ ಕ್ಯಾಲ್ಸಿಯಂ ಕೊರತೆ, ಕಲಿಕೆಯಲ್ಲಿ ಹಿಂದುಳಿಯುವುದು ಅದರ ಸುಳಿವು. ಅಣ್ಣನಲ್ಲಿ ಇವು ಯಾವುವೂ ಇರಲಿಲ್ಲ.

ಆಮೇಲೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ, 100 ಚೌಕಗಳಿರುವ ಹಾಳೆ ಮುಂದಿಟ್ಟೆ. ಯಾವುದೇ ಊರಿನ 100 ಜನರಲ್ಲಿ ಜೀವಮಾನದಲ್ಲಿ ಈ ಕಾಯಿಲೆ ಬರುವುದು ಸುಮಾರು ಒಬ್ಬರಿಗೆ: ಒಂದು ಚೌಕಕ್ಕೆ ಪೆನ್ಸಿಲ್ ಬಳಿದೆ. ಒಡಹುಟ್ಟಿದವರಿಗೆ ಇದ್ದರೆ ಸುಮಾರು ಒಂಬತ್ತು: ಇನ್ನೂ ಎಂಟು ಬಳಿದೆ. ಅಲ್ಲಿಯವರೆಗೆ ಮಾತೇ ಆಡದಿದ್ದ ತಾಯಿ ಬೆರಳಿಟ್ಟು ಸಾಲು ಸಾಲಾಗಿ ಎಣಿಸಿದರು. “ಖಾಲಿ ಇರೋದೇ ಜಾಸ್ತಿ ಅಲ್ವಾ ಮೇಡಂ?” ಎಂದರು. ತಂದೆ ಒಪ್ಪಲಿಲ್ಲ. “ಆ ಒಂಬತ್ರಲ್ಲಿ ನಮ್ಮ ಹುಡುಗ ಇಲ್ಲ ಅಂತ ಯಾರು ಹೇಳ್ತಾರೆ?” ಯಾರೂ ಹೇಳಲಾರರು, ಈ ವರದಿಯೂ ಹೇಳಲಾರದು ಎಂದೆ.

ಹೆದರಿದವರ ಮುಂದೆ ಅಂಕಿ ಇಡಬಾರದು ಎನ್ನುವವರಿದ್ದಾರೆ. ಅಂಕಿ ಹೇಳದೆ ‘ಏನೂ ಆಗಲ್ಲ ಬಿಡಿ’ ಎಂದು ಕಳಿಸಿದರೆ ಮನೆಯವರು ತಮ್ಮದೇ ಅಂಕಿ ಕಟ್ಟಿಕೊಳ್ಳುತ್ತಾರೆ, ಅದು ಯಾವಾಗಲೂ ನೂರಕ್ಕೆ ನೂರು. ಒಂಬತ್ತನ್ನು ಹೇಳುವಾಗ ತೊಂಬತ್ತೊಂದನ್ನೂ ಕಣ್ಣಿಗೆ ಕಾಣಿಸಬೇಕು. ಒಂದೇ ತತ್ತಿಯಿಂದ ಹುಟ್ಟಿದ ಅವಳಿಗಳಲ್ಲಿ ಜೀನುಗಳೆಲ್ಲ ಒಂದೇ. ಆದರೂ ಒಬ್ಬರಿಗೆ ಸ್ಕಿಜೋಫ್ರೇನಿಯಾ ಬಂದರೆ ಇನ್ನೊಬ್ಬರಿಗೆ ಬರುವುದು ಅರ್ಧಕ್ಕಿಂತ ಕಡಿಮೆ ಜೋಡಿಗಳಲ್ಲಿ ಎಂದಾಗ ಹುಡುಗ ಮೊದಲ ಸಲ ತಲೆಯೆತ್ತಿ ನೋಡಿದ.

ತಂದೆಗೆ ಹೇಳಿದ್ದು ಬೇರೆ. ಫಿನ್ಲೆಂಡಿನಲ್ಲಿ, ಸ್ಕಿಜೋಫ್ರೇನಿಯಾ ಇದ್ದ ತಾಯಂದಿರ ಮಕ್ಕಳು ದತ್ತು ಹೋದ ಮನೆಗಳನ್ನು ವರ್ಷಗಟ್ಟಲೆ ಗಮನಿಸಿದರು. ಜಗಳ, ಹಂಗಿಸುವುದು, ಮಾತಿನಲ್ಲಿ ಗೊಂದಲ ಇದ್ದ ಮನೆಗಳಲ್ಲಿ ಬೆಳೆದವರಿಗೆ ಕಾಯಿಲೆ ಹೆಚ್ಚಾಗಿ ಬಂತು. ನೆಮ್ಮದಿಯ ಮನೆಗಳಲ್ಲಿ ಕಡಿಮೆ. ಕಾಯಿಲೆ ಮನೆಯವರ ತಪ್ಪು ಎಂದು ಇದರರ್ಥವಲ್ಲ. ಜೀನು ನಮ್ಮ ಕೈಯಲ್ಲಿಲ್ಲ, ಊಟದ ಹೊತ್ತಿನ ಮಾತು ಇದೆ. ಹಿರಿಯ ಮಗನನ್ನು ದಿನವೂ ‘ದಂಡಪಿಂಡ’ ಎನ್ನುವುದು ನಿಲ್ಲಬೇಕು. ಅದು ಅವನ ಕಾಯಿಲೆ ಮರುಕಳಿಸಲೂ ದಾರಿ. ಓದು ಬಿಡಿಸುವುದನ್ನು ನಾನು ಖಡಾಖಂಡಿತವಾಗಿ ವಿರೋಧಿಸಿದೆ. ಕೊಳೆರೋಗ, ಎಲೆಚುಕ್ಕಿ, ಅಡಿಕೆ ದರದ ಏರಿಳಿತದ ನಡುವೆ ತೋಟದ ಬದುಕು ಒತ್ತಡವಿಲ್ಲದ್ದೇನಲ್ಲ. ಗೆಳೆಯರನ್ನೂ ಗುರಿಯನ್ನೂ ಕಿತ್ತುಕೊಂಡು ಕೂರಿಸುವುದೇ ದೊಡ್ಡ ಒತ್ತಡ.

ಹುಡುಗನಿಗೆ ಕೊಟ್ಟ ಸಲಹೆಯಲ್ಲಿ ಮೊದಲನೆಯದು ಗಾಂಜಾ. ಒಂದು ದಮ್ಮೂ ಬೇಡ. ದಿನವೂ ಸೇದುವವರಲ್ಲಿ ಮನೋವಿಕೃತಿಯ, ಅಂದರೆ ಇಲ್ಲದ್ದು ಕೇಳಿಸುವ, ಕಾಣಿಸುವ ಸ್ಥಿತಿಯ ಅಪಾಯ ಹಲವು ಪಟ್ಟು ಏರುತ್ತದೆ, ಮನೆಯಲ್ಲಿ ಕಾಯಿಲೆ ಇದ್ದವರು ಆ ಜೂಜಿಗೆ ಇಳಿಯಬಾರದು. ಎರಡನೆಯದು ನಿದ್ದೆ: ಪರೀಕ್ಷೆಯಿರಲಿ, ಮನೆಯಲ್ಲಿ ಕೊಯ್ಲಿನ ಕಾಲದ ಅಡಿಕೆ ಸುಲಿತವಿರಲಿ, ರಾತ್ರಿಯಿಡೀ ಎಚ್ಚರ ಬೇಡ; ಹನ್ನೊಂದಕ್ಕೆ ಮಲಗಿ ಆರಕ್ಕೆ ಏಳುವುದು, ಸಂಜೆ ನಾಲ್ಕರ ಮೇಲೆ ಕಾಫಿ ಬಿಡುವುದು. ಎದೆ ಹೊಡೆದುಕೊಂಡಾಗ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಹತ್ತು ನಿಮಿಷ. ಎದೆ ಬಡಿಸುವುದು ಅಡ್ರಿನಲಿನ್, ಕ್ಷಣಗಳಲ್ಲಿ ಬರುತ್ತದೆ. ಒತ್ತಡದ ಇನ್ನೊಂದು ಹಾರ್ಮೋನ್ ಕಾರ್ಟಿಸಾಲ್ ಏರಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಇಳಿಯಲು ಇನ್ನೂ ಹೊತ್ತು. ಐದು ನಿಮಿಷಕ್ಕೆ ಹಗುರಾಗಲಿಲ್ಲವೆಂದು ಗಾಬರಿಯಾದರೆ ಮತ್ತೆ ಮೊದಲಿನಿಂದ ಶುರು.

ಕಿವಿ ಕೊಟ್ಟು ಕೂರುವ ಕೆಲಸವನ್ನು ಅವನಿಂದ ತೆಗೆದು ತಾಯಿಗೂ ರೂಮ್‌ಮೇಟಿಗೂ ಕೊಟ್ಟೆವು. ಪರೀಕ್ಷೆಯ ಹೆದರಿಕೆ ಪರೀಕ್ಷೆ ಮುಗಿದ ಮೇಲೆ ಇಳಿಯುತ್ತದೆ. ಕಾರಣವಿಲ್ಲದೆ ಜನರ ಮೇಲೆ ಅನುಮಾನ, ಗೆಳೆಯರಿಂದ ದೂರವಾಗುವುದು, ಸ್ನಾನ ಬಟ್ಟೆಯ ಮೇಲೆ ನಿಗಾ ಇಲ್ಲದಿರುವುದು, ಇಲ್ಲದ ಧ್ವನಿಗೆ ಉತ್ತರ ಕೊಡುವುದು ಹಾಗಲ್ಲ. ಇವು ಎರಡು ವಾರ ಮುಂದುವರಿದರೆ ಮನೋವೈದ್ಯರಿಗೆ ತೋರಿಸುವುದು. ಯಾರಿಗೆ ತೋರಿಸಬೇಕೆಂದು ತೋಚದಿದ್ದರೆ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ ಫೋನ್ ಮಾಡುವುದು. ಬೇಗ ಚಿಕಿತ್ಸೆ ಶುರುವಾದಷ್ಟೂ ಫಲ ಚೆನ್ನ. ತೀರ್ಥಹಳ್ಳಿ ತಾಲ್ಲೂಕಿನಲ್ಲೇ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮಾತ್ರೆ ಬಿಡದವರು ಮನೆಗೆಲಸ, ದುಡಿಮೆ ನಿಭಾಯಿಸುವುದರಲ್ಲಿ ಬಿಟ್ಟವರಿಗಿಂತ ಎಷ್ಟೋ ಮೇಲಿದ್ದರು. ಇದನ್ನು ಹೇಳಿದ್ದು ಅಣ್ಣನಿಗಾಗಿ. ಅವನು ಈಗ ತಿಂಗಳ ಇಂಜೆಕ್ಷನ್‌ಗೆ ಒಪ್ಪಿದ್ದಾನೆ, ತಮ್ಮ ಹಾಸ್ಟೆಲಿಗೆ ಮರಳಿದ್ದಾನೆ.

ಇಂಥ ವರದಿ ಈಗಾಗಲೇ ಕೈಯಲ್ಲಿರುವವರು ಅದನ್ನು ನೋಡಿ ಯಾವ ಮಾತ್ರೆಯನ್ನೂ ಶುರು ಮಾಡಬೇಡಿ, ನಡೆಯುತ್ತಿರುವುದನ್ನು ನಿಲ್ಲಿಸಲೂ ಬೇಡಿ. ಆದರೆ ಮೂರ್ಛೆರೋಗಕ್ಕೆ, ಮನಸ್ಸಿನ ಏರಿಳಿತಕ್ಕೆ ಕೊಡುವ ಕಾರ್ಬಮಜೆಪೈನ್ ಮಾತ್ರೆ ಶುರು ಮಾಡುವ ಮುಂಚೆ ವೈದ್ಯರು ಎಚ್‌ಎಲ್‌ಎ-ಬಿ 1502 ಎಂಬ ಜೀನ್ ಪರೀಕ್ಷೆ ಬರೆದುಕೊಟ್ಟರೆ ಅದನ್ನು ತಪ್ಪದೆ ಮಾಡಿಸಿ. ಆ ಜೀನ್ ಇದ್ದವರಿಗೆ ಆ ಮಾತ್ರೆಯಿಂದ ಚರ್ಮ ಸುಲಿದು ಜೀವಕ್ಕೇ ಕುತ್ತು ಬರಬಹುದು.